ಹುಲಿಯಣ್ಣ ಬಣ್ಣ ಹಾಕದ ಭಾನುವಾರ

ಮೊನ್ನೆ ಸಂತೆಕಟ್ಟೆಯ ನಮ್ಮ ಮನೆಯ ಗೇಟಿಗೆ ಪೈಂಟ್ ಬಳಿದವನು ಸೀಮೆಎಣ್ಣೆಯ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತಾನಾಗಿ ಹಿತ್ತಲಿನ ಪೊದೆಯತ್ತ ಹೋಯಿತು...

ಅಜೆಕಾರಿನ ಆಚೆ ಒಂದು ಖಾಸಗಿ ಸಫಾರಿ ಪಾರ್ಕ್ ಇತ್ತು. ದುಬೈಯಿಂದ ಮರಳಿದ ಧಣಿ ಹಳೆಯ ಗೇರುಗುಡ್ಡಕ್ಕೆ ಬೇಲಿ ಹಾಕಿಸಿ ಎಮು, ಆಸ್ಟ್ರಿಚ್, ಎರಡು ಒಂಟೆ ತಂದು ಬಿಟ್ಟಿದ್ದರು. ಜೀಪಿನಲ್ಲಿ ನಿಂತು ಅವನ್ನೆಲ್ಲ ತೋರಿಸುವ ಕೆಲಸ ನನ್ನದು. ಬಂದವರಿಗೆ ಬೇಕಾದದ್ದು ಮಾತ್ರ ಹುಲಿ. ಸಾಕಲು ಸರಕಾರ ಬಿಡುತ್ತದೆಯೇ? ಧಣಿ ಉಪಾಯ ಹೂಡಿದರು. ಕೃಷ್ಣಾಷ್ಟಮಿಗೆ ಹುಲಿವೇಷ ಹಾಕುವವರೊಬ್ಬರನ್ನು ಸಂಬಳಕ್ಕಿಟ್ಟರು. ಶನಿವಾರ, ಭಾನುವಾರ ಅವರು ಮೈಗೆಲ್ಲ ಪಟ್ಟೆ ಬರೆಸಿಕೊಂಡು ದೂರದ ಪೊದೆಯಲ್ಲಿ ನಾಲ್ಕು ಕಾಲಲ್ಲಿ ಸುಳಿಯಬೇಕು, ನಾನು "ಅಗೋ!" ಎನ್ನಬೇಕು, ಜೀಪು ನಿಲ್ಲದೆ ಓಡಬೇಕು. ಮಣಿಪಾಲದ ವಿದ್ಯಾರ್ಥಿಗಳನ್ನೂ ಮಂಗ ಮಾಡಿದೆವೆಂದು ನಾವೆಲ್ಲ ನಗುತ್ತಿದ್ದೆವು.

ನಗದವರು ಅವರೊಬ್ಬರೇ. ನಾನು ಅವರನ್ನು ಹುಲಿಯಣ್ಣ ಎನ್ನುತ್ತಿದ್ದೆ, ನಮ್ಮ ಕಡೆ ಕ್ರಿಸ್ತರ ಹೆಂಗಸರನ್ನು ಎಲ್ಲರೂ ಕರೆಯುವಂತೆ ಅವರಿಗೆ ನಾನು ಬಾಯಮ್ಮ.

"ಬಣ್ಣಕ್ಕೆ ಕೂರುವ ಮೊದಲು ಪೂಜೆಯ ಕ್ರಮ ಉಂಟು ಬಾಯಮ್ಮ. ಹರಕೆ ಇಲ್ಲದೆ ಹೀಗೆ ಹಾಕಿದರೆ ವೇಷ ಇಳಿಯುವುದಿಲ್ಲ."

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮಾತು ಕಡಿಮೆಯಾಯಿತು. ಸೀಮೆಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಬೆನ್ನಿನ ಒಂದು ಪಟ್ಟೆ ಹೋಗುತ್ತಿರಲಿಲ್ಲ. ಊಟಕ್ಕೆ ಕರೆದರೆ ಮೊದಲು ಗಾಳಿ ಮೂಸುತ್ತಿದ್ದರು... ನನಗೆ ಹೆದರಿಕೆಯಾಗುತ್ತಿತ್ತು. ಆದರೂ ಧಣಿಗೆ ಹೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಜೀಪು ಭರ್ತಿಯಿತ್ತು. ಪೊದೆಯಲ್ಲಿ ಪಟ್ಟೆ ಕಂಡಿತು, "ಅಗೋ!" ಎಂದೆ. ಎಂದಿನಂತೆ ಅದು ಮರೆಯಾಗಲಿಲ್ಲ. ಜೀಪು ತಿರುವು ದಾಟುವವರೆಗೂ ನನ್ನನ್ನೇ ನೋಡುತ್ತಿತ್ತು. ಶಹಬ್ಬಾಸ್ ಹೇಳೋಣವೆಂದು ಅವರು ಬಣ್ಣಕ್ಕೆ ಕೂರುವ ಕೊಟ್ಟಿಗೆಗೆ ಹೋದರೆ, ಹುಲಿಯಣ್ಣ ಜ್ವರದಿಂದ ಚಾಪೆಯ ಮೇಲೆ ಮಲಗಿದ್ದರು. ಮೈಯಲ್ಲಿ ಬಣ್ಣವಿಲ್ಲ. ಡಬ್ಬಿಯ ಮುಚ್ಚಳ ಕೂಡ ತೆಗೆದಿರಲಿಲ್ಲ.

"ಮತ್ತೆ ಅಲ್ಲಿ ಇದ್ದದ್ದು ಯಾರು?" ಎಂದೆ.

ಅವರು ನಿಧಾನವಾಗಿ ಎದ್ದು ಕೂತರು. "ಪಟ್ಟೆ ಇತ್ತಾ?"

"ಇತ್ತು."

ಮೂಲೆಯಲ್ಲಿದ್ದ ತೆಂಗಿನಕಾಯಿ ಎತ್ತಿಕೊಂಡರು. "ಅದರ ಹತ್ತಿರ ತಪ್ಪಾಯಿತು ಅಂತ ಹೇಳಿ ಬರ್ತೇನೆ ಬಾಯಮ್ಮ."

ಕೈ ಹಿಡಿದು ಕೂರಿಸಬೇಕಿತ್ತು. ಹೊರಗೆ ಜೀಪಿನ ಹಾರ್ನ್ ಕೇಳಿತು. "ಬೇಗ ಬನ್ನಿ ಅಣ್ಣ, ಇನ್ನೊಂದು ಟ್ರಿಪ್ ಉಂಟು" ಎಂದುಬಿಟ್ಟೆ.

ಅವರು ಮರಳಿ ಬರಲಿಲ್ಲ. ಹುಡುಕಿದಾಗ ಪೊದೆಯ ಬುಡದಲ್ಲಿ ಸಿಕ್ಕಿದ್ದು ಒಡೆಯದ ಕಾಯಿ ಮಾತ್ರ. ಬೇಲಿ ಎಲ್ಲಿಯೂ ಹರಿದಿರಲಿಲ್ಲ, ರಕ್ತದ ಗುರುತೂ ಇರಲಿಲ್ಲ. ಫಾರೆಸ್ಟಿನವರು ಈ ಕಡೆ ಹುಲಿಯೇ ಇಲ್ಲ ಎಂದರು. ಪಾರ್ಕ್ ಮುಚ್ಚಿತು. ಅಷ್ಟಮಿಗೆ ಮನೆಯಂಗಳಕ್ಕೆ ಬರುವ ವೇಷಗಳ ಬೆನ್ನನ್ನು ನಾನು ಇವತ್ತಿಗೂ ಒಂದೊಂದಾಗಿ ನೋಡುತ್ತೇನೆ. ಜ್ವರದ ಮನುಷ್ಯನಿಗೆ ಆ ಮಾತು ಹೇಳಿದ ನಾಲಿಗೆ ನನ್ನದೇ.

"ಎಂತ ನೋಡ್ತಾ ಇದ್ದೀರಿ ಬಾಯಮ್ಮ?" ಪೈಂಟಿನವನು ಕೇಳಿದ.

"ಎಂತ ಇಲ್ಲ" ಎಂದೆ. ಅವನು ಹೋದ ಮೇಲೆ ಪೊದೆಯ ಹತ್ತಿರ ನಿಂತು, "ಟ್ರಿಪ್ ಎಲ್ಲ ಮುಗಿಯಿತು ಅಣ್ಣ, ಇನ್ನು ಬನ್ನಿ" ಎಂದೆ. ಎಲೆಗಳು ಅಲ್ಲಾಡಿದವು. ಬಹಳ ಹೊತ್ತು ಕಾದೆ. ಯಾರೂ ಬರಲಿಲ್ಲ.