ತಾನೇ ತಿದ್ದಿದ ದನಿಗೆ ಮರುಳಾದವನು

ಮೈಕು, ಸ್ಪೀಕರು ಹಾಕಲು ಮೈಕಣ್ಣನನ್ನು ಸಭೆಗೆ ಕರೆಯುವವರು ಮೊದಲು ಅವನ ಷರತ್ತಿಗೆ ಒಪ್ಪಬೇಕು. ವೇದಿಕೆಯ ಮೇಲೆ ಎಷ್ಟು ಮೈಕು ಬೇಕಾದರೂ ಇಡಿಸಿಕೊಳ್ಳಿ, ಅವನದೇನೂ ತಕರಾರಿಲ್ಲ. ಆದರೆ ಕೆಳಗೆ, ಜನ ಕೂರುವ ಜಾಗದ ನಡುವೆ, ಇನ್ನೊಂದು ಮೈಕು ನಿಂತಿರಬೇಕು. ಅದರ ಮುಂದೆ ಯಾರು ಬಂದು ನಿಂತರೂ ಅವರ ಮಾತು ಮುಗಿಯುವ ತನಕ ಅದನ್ನು ಆರಿಸುವಂತಿಲ್ಲ. ಒಮ್ಮೆ ಒಬ್ಬ ಮಹಾಶಯ ಪಕ್ಕದ ಮನೆಯ ನಾಯಿಯ ಮೇಲಿನ ದೂರನ್ನು ಅರ್ಧ ಸಭೆ ನುಂಗುವಷ್ಟು ಹೊತ್ತು ಹೇಳಿದ. ವೇದಿಕೆಯ ಮೇಲಿದ್ದವರು ಕಣ್ಣು ಕೆಂಪಗೆ ಮಾಡಿದರು, ಕೈಸನ್ನೆ ಮಾಡಿದರು. ಮೈಕಣ್ಣ ಕುಳಿತಲ್ಲಿಂದ ಅಲುಗಲಿಲ್ಲ. ಷರತ್ತಿಗೆ ಒಪ್ಪದವರು ಬೇರೆಯವರನ್ನು ನೋಡಿಕೊಳ್ಳಬಹುದು. ಬಹಳ ಜನ ನೋಡಿಕೊಂಡೂ ಇದ್ದಾರೆ.

ಇಷ್ಟು ಕೇಳಿ ಇವನನ್ನು ಹುಟ್ಟು ಬಂಡಾಯಗಾರ ಎಂದುಕೊಳ್ಳಬೇಡಿ. ಅಂಥವರನ್ನು ಹೊಗಳುವುದು ಸುಲಭ, ಅವರ ಬಗ್ಗೆ ಬರೆಯುವವರೂ ಬೇಕಾದಷ್ಟಿದ್ದಾರೆ. ಮೈಕಣ್ಣ ಒಬ್ಬ ನಾಯಕನನ್ನು ತಲೆಯ ಮೇಲೆ ಹೊತ್ತು ಮೆರೆಸಿದವನು. ಹಾಗೆ ಹೊತ್ತವನು ತಾನಾಗಿ ಇಳಿಸಿದ್ದಕ್ಕೇ ನನಗೆ ಅವನ ಮೇಲೆ ಗೌರವ.

ಟೈರ್ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಒಂದು ಉದ್ದನೆಯ ಕೋಣೆ ಅವನ ಲೋಕ. ಗೋಡೆಯುದ್ದಕ್ಕೂ ಆಂಪ್ಲಿಫಯರುಗಳು, ಸ್ಪೀಕರ್ ಪೆಟ್ಟಿಗೆಗಳು, ಮೊಳೆಗಳಿಗೆ ನೇತುಹಾಕಿದ ವೈರಿನ ಸುರುಳಿಗಳು. ವೈರನ್ನು ಯಾರಾದರೂ ಮೊಳಕೈಗೆ ಸುತ್ತಿ ಗಂಟು ಹಾಕಿದರೆ ಅವನಿಗೆ ತನ್ನ ಕೈಯನ್ನೇ ತಿರುಚಿದಷ್ಟು ಸಂಕಟ. ಬೇರೆಯವರು ಮೈಕು ಪರೀಕ್ಷೆ ಮಾಡಲು ಹಲೋ ಹಲೋ ಎನ್ನುತ್ತಾರಲ್ಲ, ಇವನು ಅಂದಿನ ಪೇಪರಿನಿಂದ ಹವಾಮಾನ ವರದಿ ಓದುತ್ತಾನೆ. "ಹಲೋ ಅಂದ್ರೆ ಯಾರೂ ಕಿವಿ ಕೊಡಲ್ಲ, ಮಳೆ ಅಂದ್ರೆ ಎಲ್ರೂ ತಿರುಗಿ ನೋಡ್ತಾರೆ" ಎಂಬುದು ಅವನ ಸಿದ್ಧಾಂತ.

ಅವನಿಗೆ ಮನೆಯಲ್ಲಿ ಹೆಂಡತಿ, ಎರಡು ಬೀದಿ ಆಚೆ ಅಕ್ಕ. ಈ ಅಕ್ಕ ಬರೀ ಅಕ್ಕನಲ್ಲ. ತಾಯಿ ಬೇಗ ಹೋದ ಮೇಲೆ ಇವನಿಗೆ ತುತ್ತು ಹಾಕಿ, ಬೆನ್ನಿಗೆರಡು ಗುದ್ದಿ, ಮನುಷ್ಯನನ್ನಾಗಿ ಮಾಡಿದವಳು. ಹೆರಿಗೆ ವಾರ್ಡಿನಲ್ಲಿ ನರ್ಸು. ಊರಿನ ಅರ್ಧ ಮಕ್ಕಳು ಮೊದಲು ಕಂಡಿದ್ದು ಅವಳ ಮುಖವನ್ನೇ. ಹೆಚ್ಚು ಮಾತಿಲ್ಲ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸವೂ ಇಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಚುನಾವಣೆಗೆ ಮುಂಚೆ, ಊರಿಗೆ ಹೊಸ ನಾಯಕರೊಬ್ಬರು ಬಂದರು. ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಅವರು ಬರೀ 'ನಮ್ಮೋರು'. ಎತ್ತರದ ಆಳು, ಬಿಳಿ ಅಂಗಿ, ಕೈ ಮುಗಿದರೆ ಪ್ರತಿಯೊಬ್ಬರಿಗೂ ತನಗೇ ಮುಗಿದರು ಎನಿಸಬೇಕು, ಅಂಥ ಕಣ್ಣು. ಒಂದೇ ಒಂದು ಕೊರತೆ, ಗಂಟಲು. ಸಣ್ಣ ದನಿ, ಸ್ವಲ್ಪ ಮೂಗಿನಿಂದ ಬರುವಂಥದ್ದು, ಜೋರು ಮಾಡಿದರೆ ಸೀಳುವಂಥದ್ದು. ಮೊದಲ ಸಭೆಯಲ್ಲಿ ಆ ದನಿ ಕೇಳಿದ ಕೂಡಲೇ ಮೈಕಣ್ಣನಿಗೆ ಕಸಿವಿಸಿಯಾಯಿತು. ಇನ್ನೇನು ಜನ ನಗುತ್ತಾರೆ ಎನ್ನುವಷ್ಟರಲ್ಲಿ ಅವನ ಬೆರಳುಗಳು ತಾವಾಗಿಯೇ ಕೆಲಸಕ್ಕೆ ಇಳಿದವು. ದನಿಗೆ ದಪ್ಪ ಕೊಡುವ ಬೇಸ್ ಏರಿಸಿದ, ಚೂಪು ಸದ್ದನ್ನು ಇಳಿಸಿದ, ವಾಕ್ಯದ ಕೊನೆಗೆ ಚೂರು ಎಕೋ ಬಿಟ್ಟ. ಮೈದಾನದ ತುಂಬ ಗುಡುಗಿನಂಥ ಗಂಡುದನಿ ಎದ್ದಿತು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು.

ಇಲ್ಲಿಯವರೆಗೆ ಇದು ಕಸುಬು. ಇದರ ಮುಂದಿನದು ಮೈಕಿನವನೇ ಮಾಡಬಹುದಾದ ತಪ್ಪು. ಆ ದನಿ ಕೇಳಿ ಮೈಕಣ್ಣನಿಗೇ ಮೈ ಜುಮ್ಮೆಂದಿತು. ತಾನೇ ಒಗ್ಗರಣೆ ಹಾಕಿ ಅದರ ಘಮಕ್ಕೆ ತಾನೇ ಮೂರ್ಛೆ ಹೋದಂತೆ! "ಏನು ಕಂಠ ಕಣೇ, ಎದೆಯೊಳಗಿಂದ ಬರುತ್ತೆ" ಎಂದು ಅಂದು ಮನೆಗೆ ಬಂದು ಹೆಂಡತಿಗೆ ವರ್ಣಿಸಿದ. "ನನ್ನ ದನಿಗೂ ಇಷ್ಟು ಕಿವಿ ಕೊಟ್ಟಿದ್ರೆ ನಲ್ಲಿ ಯಾವಾಗ್ಲೋ ರಿಪೇರಿ ಆಗಿರ್ತಿತ್ತು" ಎಂದು ಅವಳು ಅಂದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಅಂಗಡಿಯಲ್ಲಿ ನಮ್ಮೋರ ಫೋಟೊ ಬಂತು. ಅವರು ಮಾತಾಡಿದ ಮೈಕನ್ನು ಬೇರೆಯವರಿಗೆ ಕೊಡುವುದು ನಿಂತಿತು, ಅದಕ್ಕೊಂದು ರೇಷ್ಮೆ ಬಟ್ಟೆಯ ಚೀಲ ಆಯಿತು. ಬೇರೆ ಪಕ್ಷದವರ ಸಭೆಗೆ ಸ್ಪೀಕರ್ ಇಲ್ಲ ಎಂದುಬಿಟ್ಟ. ನಮ್ಮೋರ ಭಾಷಣವನ್ನು ಯಾರು ಯಾವ ಸಾಲಿನಿಂದ ಕೇಳಿದರೂ ಗಿಣಿಯಂತೆ ಒಪ್ಪಿಸುತ್ತಿದ್ದ. ಯಾರಾದರೂ ಒಂದು ಅಡ್ಡಮಾತು ಆಡಿದರೆ ಮುಗಿಯಿತು, ಕೋಪ ಮೂಗಿನ ತುದಿಯಲ್ಲೇ ಕುಳಿತಿರುತ್ತಿತ್ತು. ಇಸ್ತ್ರಿ ಅಂಗಡಿಯವನು "ಅವರೂ ಮನುಷ್ಯರೇ ತಾನೆ" ಎಂದಿದ್ದಕ್ಕೆ ತಿಂಗಳುಗಟ್ಟಲೆ ಸುಕ್ಕು ಅಂಗಿಯಲ್ಲೇ ಓಡಾಡಿದ.

ನಮ್ಮೋರು ಗೆದ್ದರು. ಗೆಲ್ಲುವ ಮುಂಚೆ ಅವರು ಹೆರಿಗೆ ವಾರ್ಡಿನ ಮುಂದೆಯೇ ನಿಂತು, "ಈ ಬೀಗ ನಾನು ತೆಗೀತೀನಿ" ಎಂದು ಗುಡುಗಿದ್ದರು. ಚಾವಣಿಯ ಗಾರೆ ಉದುರಿ ರಿಪೇರಿಗೆಂದು ಬೀಗ ಬಿದ್ದಿದ್ದ ವಾರ್ಡು ಅದು, ಅಕ್ಕ ದುಡಿದ ವಾರ್ಡು. ಬೀಗ ಹಾಗೆಯೇ ಉಳಿಯಿತು. ಬಸುರಿಯರು ಬಸ್ಸು ಹಿಡಿದು ಸೇತುವೆಯಾಚೆಯ ದೊಡ್ಡಾಸ್ಪತ್ರೆಗೆ ಹೋಗಬೇಕಾಯಿತು. ಒಬ್ಬಳು ಅಲ್ಲಿಯವರೆಗೆ ಮುಟ್ಟಲಾಗದೆ ಬಸ್ಸಿನ ಸೀಟಿನಲ್ಲೇ ಹೆತ್ತಳು. ಅದೃಷ್ಟಕ್ಕೆ ಅಕ್ಕ ಅದೇ ಬಸ್ಸಿನಲ್ಲಿದ್ದಳು.

ಆ ದಿನ ಅಕ್ಕ ಸೀದಾ ತಮ್ಮನ ಅಂಗಡಿಗೆ ಬಂದಳು. ಸೀರೆಯ ಸೆರಗಿನಲ್ಲಿ ಇನ್ನೂ ಕಲೆ ಇತ್ತು.

"ನಿಮ್ಮೋರು ಬೀಗ ಯಾವಾಗ ತೆಗೀತಾರಂತೆ?" ಎಂದು ಕೇಳಿದಳು.

"ಅವರಿಗೆ ನೂರೆಂಟು ಕೆಲಸ ಇರುತ್ತಕ್ಕಾ. ಸುತ್ತ ಇರೋರು ಸರಿ ಇಲ್ಲ. ಅವರ ಕಿವಿಗೆ ಬಿದ್ದಿರಲ್ಲ."

"ಹೇಳಿದ ಬಾಯಿ ಅವರದ್ದೇ ಅಲ್ವೇನೋ? ತನ್ನ ಬಾಯಿ ಆಡಿದ್ದು ತನ್ನ ಕಿವಿಗೇ ಬಿದ್ದಿಲ್ವಾ?"

ಮೈಕಣ್ಣ ಹಿಂದುಮುಂದು ನೋಡದೆ ಅಂದುಬಿಟ್ಟ. "ನಿನಗೆ ಮೊದಲಿಂದ್ಲೂ ಅವರನ್ನ ಕಂಡ್ರೆ ಆಗಲ್ಲ. ನೀನು ಇಲ್ಲಿಗೆ ಬರೋದಾದ್ರೆ ಅವರ ವಿಷಯ ಎತ್ತಬೇಡ."

ಅಕ್ಕ ವಿಷಯ ಎತ್ತಲಿಲ್ಲ, ಅಂಗಡಿಗೂ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ "ಊಟ ಆಯ್ತೇನೋ" ಎನ್ನುತ್ತಿದ್ದಳು, ಅಷ್ಟೇ. ಮೈಕಣ್ಣ ಕೆಲವು ಸಲ ಅವಳ ಬೀದಿಯ ತಿರುವಿನ ತನಕ ಹೋಗುತ್ತಿದ್ದ. ಆದರೆ ಸೋಲಲು ಮನಸ್ಸಿಲ್ಲ.

ಮತ್ತೆ ಚುನಾವಣೆ ಬಂತು. ಈ ಸಲ ಭಾಷಣದ ಬದಲು 'ನೇರ ಮಾತು' ಎಂಬ ಕಾರ್ಯಕ್ರಮ. ಜನ ಎದ್ದು ನಿಂತು ಪ್ರಶ್ನೆ ಕೇಳುವುದು, ನಮ್ಮೋರು ಉತ್ತರ ಹೇಳುವುದು. ಯಾರು ಏಳಬೇಕು, ಏನು ಕೇಳಬೇಕು ಎಂಬುದೆಲ್ಲ ಮೊದಲೇ ಗೊತ್ತುಮಾಡಿದ್ದು ಎಂದು ಬೇರೆ ಹೇಳಬೇಕಿಲ್ಲ. ಅವರ ಕಾರ್ಯದರ್ಶಿ ಅಂಗಡಿಗೆ ಬಂದು ನಿಂತ.

"ಮೈಕಣ್ಣ, ಒಬ್ಬ ಹೆಂಗಸು ಬೇಕಲ್ಲ. ನರ್ಸೋ ಟೀಚರ್ರೋ ಆದ್ರೆ ಚೆನ್ನಾಗಿರುತ್ತೆ. ಎದ್ದು ನಿಂತು ನಮ್ಮೋರಿಗೆ ಎರಡು ಒಳ್ಳೆ ಮಾತು ಹೇಳಿದ್ರೆ ಸಾಕು."

"ನಮ್ಮಕ್ಕ ಇದ್ದಾಳಲ್ಲ ಸಾರ್!" ಎಂದ ಮೈಕಣ್ಣ.

ಇದು ದಡ್ಡತನವಲ್ಲ, ಭಕ್ತಿ. ನಮ್ಮೋರ ಎದುರು ಒಮ್ಮೆ ನಿಂತರೆ ಸಾಕು, ಅಕ್ಕ ಕರಗಿಹೋಗುತ್ತಾಳೆ, ಮನೆಯ ಜಗಳವೂ ಕರಗುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಅಕ್ಕನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ವಿಷಯ ಹೇಳಿದ.

"ನಾನು ಏನು ಬೇಕಾದ್ರೂ ಮಾತಾಡಬಹುದಾ?" ಎಂದಳು ಅಕ್ಕ.

"ಮನಸ್ಸಲ್ಲಿ ಇರೋದನ್ನೇ ಹೇಳು. ಅವರು ಕೇಳಿಸ್ಕೊಳ್ತಾರೆ, ನೋಡ್ತಿರು."

ಅಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಒಳಗೆ ಬಾ, ಕಾಫಿ ಕುಡಿದು ಹೋಗು" ಎಂದಳು. ಎಷ್ಟೋ ದಿನದ ಮೇಲೆ ಕುಡಿದ ಆ ಕಾಫಿಗೆ ಅವನ ಕಣ್ಣು ಒದ್ದೆಯಾಯಿತು. ಹೆಂಡತಿ ಮಾತ್ರ ಸುದ್ದಿ ಕೇಳಿ ಪಾತ್ರೆ ತೊಳೆಯುತ್ತಲೇ ನಕ್ಕಳು. "ನಿಮ್ಮಕ್ಕ ಹೊಗಳೋದಾ? ನಮ್ಮ ಮದುವೆ ಊಟಾನೇ ಅವರು ಇನ್ನೂ ಹೊಗಳಿಲ್ಲ."

ಸಭೆಯ ದಿನ ಶಾಲೆಯ ಮೈದಾನ ಕಿಕ್ಕಿರಿದಿತ್ತು. ಇಳಿಬಿಸಿಲು ನೇರ ವೇದಿಕೆಯ ಮೇಲೆ ಬೀಳುತ್ತಿತ್ತು. ಪಕ್ಕದಲ್ಲಿ ಮೈಕಣ್ಣನ ಮೇಜು, ಮೇಜಿನ ಮೇಲೆ ಮೇಲೆ ಕೆಳಗೆ ಜಾರಿಸುವ ಗುಂಡಿಗಳ ಸಾಲು. ಮೊದಲಿನ ಪ್ರಶ್ನೆಗಳು ಬೆಣ್ಣೆಯಂತೆ ಜಾರಿದವು. ನೀವು ನಿದ್ದೆ ಮಾಡುವುದು ಯಾವಾಗ, ನಮ್ಮಂಥ ಬಡವರ ಮೇಲೆ ಇಷ್ಟು ಪ್ರೀತಿ ಹೇಗೆ ಬಂತು ಇತ್ಯಾದಿ. ಆಮೇಲೆ ಕಾರ್ಡ್‌ಲೆಸ್ ಮೈಕು ಅಕ್ಕನ ಕೈಗೆ ಬಂತು.

"ನಮಸ್ಕಾರ. ನಾನು ಹೆರಿಗೆ ವಾರ್ಡಿನ ನರ್ಸು. ಹೋದ ಸಲ ನೀವು ವಾರ್ಡಿನ ಬೀಗ ತೆಗೀತೀನಿ ಅಂದಿದ್ರಿ. ಯಾವಾಗ ತೆಗೀತೀರಾ?"

ಕಾರ್ಯದರ್ಶಿಯ ಮುಖ ಬಿಳಿಚಿತು. ಮೇಜಿನ ಕಡೆ ತಿರುಗಿ ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದ. ಆರಿಸು! ಅಕ್ಕನ ಮೈಕಿನ ಗುಂಡಿ ಮೈಕಣ್ಣನ ಹೆಬ್ಬೆರಳಿನ ಕೆಳಗೇ ಇತ್ತು. ಒಂದು ಚೂರು ಕೆಳಗೆ ಎಳೆದರೆ ಮುಗಿಯುತ್ತಿತ್ತು, ಮೈಕು ಕೆಟ್ಟಿತು ಎಂದು ಎಲ್ಲರೂ ನಂಬುತ್ತಿದ್ದರು. ಅವನು ಎಳೆಯಲಿಲ್ಲ. ನಮ್ಮೋರ ಕಡೆ ನೋಡಿ ಕಾದ.

ನಮ್ಮೋರು ನಕ್ಕರು. ಎರಡೂ ಕೈ ಎದೆಯ ಮೇಲಿಟ್ಟುಕೊಂಡರು. "ತಾಯಂದಿರೇ, ನಿಮ್ಮ ಕಣ್ಣೀರು ನನ್ನ ಕಣ್ಣೀರು..." ಎಂದು ಶುರುಮಾಡಿದರು.

ಇದು ಮೈಕಣ್ಣನಿಗೆ ಬಾಯಿಪಾಠ. ಕಣ್ಣೀರಿನ ಮೇಲೆ ಬೇಸ್ ಏರಿಸಬೇಕು, 'ನೀವೇ ನನ್ನ ಉಸಿರು' ಎಂಬಲ್ಲಿ ಎಕೋ ಬಿಡಬೇಕು, ಆಗ ಚಪ್ಪಾಳೆ ಬೀಳುತ್ತದೆ. ಬಸ್ಸಿನಲ್ಲಿ ಹೆತ್ತವಳಿಗೂ ಇದೇ ಉತ್ತರವೇ ಎಂದು ಅವನಿಗೆ ಹೊಳೆಯಿತು. ನಲ್ಲಿಗೂ ಇದೇ, ರಸ್ತೆಗೂ ಇದೇ, ಎಲ್ಲದಕ್ಕೂ ಇದೇ. ತನ್ನ ಬೆರಳು ಆಗಲೇ ಗುಂಡಿಯ ಕಡೆ ಹೊರಟಿದ್ದನ್ನು ಅವನು ಕಂಡ. ಕಂಡು, ಕೈಯನ್ನು ಹಿಂದಕ್ಕೆ ತೆಗೆದ. ಆಮೇಲೆ ಏರಿಸಿದ್ದ ಬೇಸನ್ನೂ ಎಕೋವನ್ನೂ ಒಂದೊಂದಾಗಿ ಇಳಿಸಿದ.

"ನೀವೇ ನನ್ನ ಉಸಿರು" ಎಂಬುದು ಆ ಸಣ್ಣ ಮೂಗುದನಿಯಲ್ಲಿ ಇದ್ದ ಹಾಗೇ ಹೊರಬಂತು. ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ನಮ್ಮೋರಿಗೇ ತಮ್ಮ ದನಿಯ ಗುರುತು ಸಿಗಲಿಲ್ಲವೋ ಏನೋ, ಮೈಕನ್ನು ಬೆರಳಿನಿಂದ ತಟ್ಟಿ ನೋಡಿದರು.

"ಅದು ಸರಿ ಸ್ವಾಮಿ" ಎಂದಳು ಅಕ್ಕ. "ಬೀಗ ಯಾವಾಗ ತೆಗೀತೀರಾ?"

ಕಾರ್ಯದರ್ಶಿ ಓಡಿಬಂದು ಮೇಜಿಗೆ ಕೈ ಹಾಕಿದ. ಮೈಕಣ್ಣ ಎರಡೂ ಅಂಗೈಗಳನ್ನು ಗುಂಡಿಗಳ ಮೇಲೆ ಹರಡಿ, "ಅವಳ ಮಾತು ಮುಗಿದಿಲ್ಲ ಸಾರ್" ಎಂದ. ಬೇರೆ ದಾರಿ ಕಾಣದೆ ಅವರ ಆಳುಗಳು ಜನರೇಟರನ್ನೇ ನಿಲ್ಲಿಸಿದರು. ಸ್ಪೀಕರುಗಳೆಲ್ಲ ಸತ್ತವು. ಆಗ ಹಿಂದಿನ ಸಾಲಿನವರು ಮುಂದಿನವರನ್ನು, ಆ ನರ್ಸು ಏನು ಕೇಳಿದರಂತೆ ಎಂದು ವಿಚಾರಿಸಿದರು. ಮುಂದಿನವರು ತಿರುಗಿ ಹೇಳಿದರು. ಬೀಗದ ಮಾತು ಸಾಲಿನಿಂದ ಸಾಲಿಗೆ ದಾಟಿ ಗೇಟಿನ ತನಕ ಹೋಯಿತು. ಉತ್ತರ ಬರುವ ಮೊದಲೇ ನಮ್ಮೋರ ಕಾರು ಗೇಟು ದಾಟಿತ್ತು.

ನಮ್ಮೋರು ಸೋತರೇ ಎಂದು ಕೇಳುತ್ತೀರಿ. ಇಲ್ಲ, ಗೆದ್ದರು. ಒಂದು ಮೈಕಿಗೆ ಗದ್ದುಗೆ ಉರುಳುವುದಾಗಿದ್ದರೆ ಲೋಕ ಎಂದೋ ಸರಿಹೋಗಿರುತ್ತಿತ್ತು. ಮೈಕಣ್ಣನ ಅಂಗಡಿಗೆ ಕಲ್ಲು ಬಿತ್ತು, ಹಳೆಯ ಜೊತೆಗಾರರು ಬೀದಿ ಬದಲಿಸಿದರು. ಎದುರು ಪಕ್ಷದವರು ಹಾರ ಹಿಡಿದು ಬಂದು, ಇನ್ನು ನೀವು ನಮ್ಮವರು ಎಂದರು. ಜನರ ನಡುವೆ ಆರದ ಮೈಕು ಇರಬೇಕೆಂಬ ಆ ಷರತ್ತನ್ನು ಅವನು ಮೊದಲು ಹೇಳಿದ್ದು ಅವರಿಗೇ. ಹಾರ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ವಾರ್ಡಿನ ಬೀಗ ಕೊನೆಗೂ ತೆರೆಯಿತು. ಅದಕ್ಕಾಗಿ ಅಕ್ಕ, ಅವಳ ಜೊತೆಗೆ ಅಂದು ಮೈದಾನದಲ್ಲಿದ್ದ ಹೆಂಗಸರು ಎಷ್ಟು ಕಚೇರಿಗಳ ಮೆಟ್ಟಿಲು ಸವೆಸಿದರು ಎಂಬುದು ಬೇರೆಯೇ ಕಥೆ.

ಆದರೆ ನನ್ನ ಮನಸ್ಸು ಹೋಗುವುದು ಅವತ್ತಿನ ಸಂಜೆಗೆ. ಜನ ಚೆದುರಿದ ಮೇಲೆ ಮೈದಾನದಲ್ಲಿ ಉಳಿದವರು ಅವರಿಬ್ಬರೇ. ಅಕ್ಕ ವೈರಿನ ಒಂದು ತುದಿ ಹಿಡಿದು ನಿಂತಿದ್ದಳು, ತಮ್ಮ ಇನ್ನೊಂದು ತುದಿಯಿಂದ ಸುತ್ತುತ್ತ ಹತ್ತಿರ ಬರುತ್ತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ನನಗೋಸ್ಕರ ನಿಮ್ಮೋರನ್ನೇ ಕಳ್ಕೊಂಡೆಯಲ್ಲೋ" ಎಂದಳು ಅಕ್ಕ.

ಸುಮ್ಮನೆ ತಲೆಯಾಡಿಸಿದ್ದರೆ ಆಗುತ್ತಿತ್ತು. ಆ ಹೆಗ್ಗಳಿಕೆ ಪುಕ್ಕಟೆಯಾಗಿ ಸಿಗುತ್ತಿತ್ತು. ಮೈಕಣ್ಣ ಅದನ್ನು ತೆಗೆದುಕೊಳ್ಳಲಿಲ್ಲ.

"ನಿನಗೋಸ್ಕರ ಅಲ್ಲಕ್ಕಾ" ಎಂದ. "ನಾನು ಮೈಕು ಆರಿಸದೇ ಇದ್ದಿದ್ದು ಅವರು ಉತ್ತರ ಹೇಳ್ತಾರೆ ಅಂತ. ಹೇಳೇ ಹೇಳ್ತಾರೆ ಅಂದ್ಕೊಂಡಿದ್ದೆ."

ಅಕ್ಕ ಕೈಯಲ್ಲಿದ್ದ ತುದಿಯನ್ನು ಅವನ ಕೈಗೆ ಕೊಟ್ಟು, ಸೆರಗಿನಿಂದ ಅವನ ಮುಖ ಒರೆಸಿದಳು.

"ನಾನೂ ಅಷ್ಟೇ ಕಣೋ" ಎಂದಳು. "ಹೇಳ್ತಾರೆ ಅಂತಲೇ ನಿಂತಿದ್ದೆ."