ಒಲೆ ಕಾದವಳ ಪರೀಕ್ಷೆ

ಹೊಸ ಶತಮಾನ ಕಾಲಿಟ್ಟ ಮೊದಲ ವರ್ಷಗಳವು. ವಯನಾಡಿನ ಮಾನಂದವಾಡಿಯ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರದ ಅಧ್ಯಾಪಕಿಯಾಗಿದ್ದೆ. ಬಿ.ಎ. ಕೊನೆಯ ವರ್ಷದವರಿಗೆ ‘ಸಾರ್ವಜನಿಕ ಆಡಳಿತ ಮತ್ತು ನೀತಿ’ ಪತ್ರಿಕೆಯನ್ನು ಪಾಠ ಮಾಡುತ್ತಿದ್ದೆ. ಸರ್ಕಾರ ಒಂದು ಸಮಸ್ಯೆಯನ್ನು ಹೇಗೆ ಗುರುತಿಸುತ್ತದೆ, ಅದಕ್ಕೆ ಹೇಗೆ ಕಾನೂನು ಮಾಡುತ್ತದೆ, ಆ ಕಾನೂನು ಜನರ ಬಾಗಿಲಿಗೆ ಹೇಗೆ ತಲುಪುತ್ತದೆ ಎಂಬುದು ಅದರ ತಿರುಳು. ಈ ಕೊನೆಯ ಹಂತಕ್ಕೆ ಅನುಷ್ಠಾನ ಎಂದು ಹೆಸರು. ಅದನ್ನು ವಿವರಿಸುವಾಗ ನನಗೇ ಇರುಸುಮುರುಸಾಗುತ್ತಿತ್ತು. ಆದಿವಾಸಿಗಳ ಕೈತಪ್ಪಿದ ಭೂಮಿಯನ್ನು ಮರಳಿ ಕೊಡಿಸುವ ಕಾನೂನಾಗಿ ದಶಕಗಳೇ ಕಳೆದಿದ್ದವು. ಭೂಮಿ ಮಾತ್ರ ಮರಳಿರಲಿಲ್ಲ.

ಆ ತರಗತಿಯಲ್ಲಿ ಬಿಂದು ಇದ್ದಳು. ಬೇಗೂರಿನ ಕಾಡಂಚಿನ ಕಾಡುನಾಯ್ಕರೆಂಬ ಆದಿವಾಸಿಗಳ ಹುಡುಗಿ. ತಂದೆ ಇಲ್ಲ, ತಾಯಿ ಮಾಚಿ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಅವರ ಮನೆಮಾತು ಕನ್ನಡಕ್ಕೆ ತೀರ ಹತ್ತಿರ. ನನ್ನ ಅಜ್ಜ ಹೆಗ್ಗಡದೇವನಕೋಟೆ ಕಡೆಯಿಂದ ವ್ಯಾಪಾರಕ್ಕೆಂದು ಬಂದು ನೆಲೆ ನಿಂತವರು. ಮಲಯಾಳವೇ ಎಲ್ಲವೂ ಆಗಿದ್ದ ಆ ಕಾಲೇಜಿನಲ್ಲಿ ನಾವಿಬ್ಬರು ವರಾಂಡದಲ್ಲಿ ನಿಂತು ನಮ್ಮ ಮಾತು ಆಡಿಕೊಳ್ಳುತ್ತಿದ್ದೆವು. ಅವಳು ಪಾಸಾದರೆ ಆ ಕಾಡಂಚಿನಿಂದ ಪದವಿ ಪಡೆದ ಮೊದಲಿಗಳಾಗುತ್ತಿದ್ದಳು. ನನಗೆ ಅವಳ ಮೇಲೆ ಪಕ್ಷಪಾತವಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಅವಳು ತರಗತಿಗೆ ಬರಲಿಲ್ಲ. ಅವಳ ಊರಿನವರೆಲ್ಲ ಕಾಡಿನೊಳಗೆ ಹೋಗಿ, ತಮ್ಮ ಹಿರಿಯರದ್ದೆಂದು ಹೇಳುವ ನೆಲದಲ್ಲಿ ಗುಡಿಸಲು ಹಾಕಿದ್ದಾರೆಂದು ಹಾಸ್ಟೆಲಿನ ಗೆಳತಿಯೊಬ್ಬಳು ಹೇಳಿದಳು. ಭಾನುವಾರ ಬೇಗೂರಿನ ಮೇಲೆ ಹೋಗುವ ಕುಟ್ಟದ ಬಸ್ಸು ಹತ್ತಿದೆ. ಇಳಿದಲ್ಲೇ ಪೊಲೀಸ್ ಜೀಪು ನಿಂತಿತ್ತು. ಆ ತಿರುನೆಲ್ಲಿ ಸೀಮೆಯಲ್ಲಿ ನಕ್ಸಲರ ಹೆಸರು ಕೇಳಿಬಂದು ಒಂದು ತಲೆಮಾರೇ ಕಳೆದಿದ್ದರೂ, ಕಾಡಿನಲ್ಲಿ ನಾಲ್ಕು ಜನ ಸೇರಿದರೆ ಇಲಾಖೆಗೆ ಅದೇ ನೆನಪು. ಪೊಲೀಸರು ನಾನು ಯಾರೆಂದು ವಿಚಾರಿಸಿ, “ಟೀಚರಿಗೆ ಇಲ್ಲೇನು ಕೆಲಸ?” ಎಂದು ಕೇಳಿದರು. ಹಾಜರಿ ಕೇಳಲು ಬಂದೆ ಎಂದೆ. ಅವರಿಗೆ ನಗು ಬಂತು.

ಬಿಂದು ಬಿದಿರು ತಟ್ಟಿಯ ಗುಡಿಸಲಿನಲ್ಲಿ ಒಲೆಯ ಮುಂದೆ ಕುಳಿತಿದ್ದಳು. ತಾಯಿ ಕ್ಷಯ ಉಲ್ಬಣಿಸಿ ಆಸ್ಪತ್ರೆ ಸೇರಿದ್ದಳು. ಅಲ್ಲಿಯವರು ತಮ್ಮೊಳಗೆ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಗುಡಿಸಲು ಕಟ್ಟಿದ ಮನೆಯವರೇ ಅದರ ಒಲೆಯನ್ನು ಕಾಯಬೇಕು. ಬೆಂಕಿ ಆರಿದರೆ ಆ ಜಾಗ ಅವರದ್ದಲ್ಲ.

“ಪಕ್ಕದ ಮನೆಯವರು ನೋಡಿಕೊಳ್ಳಬಾರದಾ? ಪರೀಕ್ಷೆ ಮುಗಿಸಿ ಬಾ” ಎಂದೆ.

“ಬೇರೆಯೋರು ಕೊಳ್ಳಿ ಮುಟ್ಟಿರೆ ಅದು ಅವರ ಒಲೆ ಆಗೋದು ಟೀಚರೇ. ಅಮ್ಮ ವಾಪಸು ಬಂದರೆ ಎಲ್ಲಿಗೆ ಬರೋದು?”

ಊರಿನ ಹಿರಿಯ, ಅಂದರೆ ಮೂಪ್ಪನನ್ನೂ ಕೇಳಿಕೊಂಡೆ. ಒಬ್ಬಳಿಗೆ ಬಿಟ್ಟರೆ ನಾಳೆ ಕೂಲಿಗೆ ಹೋಗುವವರನ್ನೂ ಬಿಡಬೇಕಾಗುತ್ತದೆ, ಆಮೇಲೆ ಇಲ್ಲಿ ಉಳಿಯುವುದು ಖಾಲಿ ಗುಡಿಸಲು ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ತರಗತಿಗಳಲ್ಲಿ ಮುಕ್ಕಾಲು ಪಾಲು ಹಾಜರಿಯಿಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಕೊರತೆಯನ್ನು ಮನ್ನಾ ಮಾಡಿಸುವುದಕ್ಕೆ ಕಾಂಡೊನೇಶನ್ ಎನ್ನುತ್ತೇವೆ. ಪ್ರಾಂಶುಪಾಲರು ಒಳ್ಳೆಯವರು. “ಜ್ವರ ಅಂತ ಡಾಕ್ಟರ ಹತ್ತಿರ ಬರೆಸಿ ತರಲಿ, ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ” ಎಂದರು. ಹಗುರಾದ ಮನಸ್ಸಿನಿಂದ ಮತ್ತೆ ಬೇಗೂರಿಗೆ ಓಡಿದೆ. ಪ್ರಾಂಶುಪಾಲರ ಮಾತನ್ನು ಕೇಳಿ ಬಿಂದು ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು.

“ನಂಗೆ ಪನಿ-ಜ್ವರ ಬಂದು ಆಸ್ಪತ್ರೇಲಿ ಇದ್ದೆ ಅಂತ ಬರೆದರೆ, ನಾನು ಇಲ್ಲಿ ಇರಲಿಲ್ಲ ಅಂತ ಆಗೋದಲ್ವಾ ಟೀಚರೇ? ನಾಳೆ ಜಾಗ ಅಳೆಯೋಕೆ ಬಂದೋರು ಅದನ್ನೇ ತೋರಿಸೋದು.”

ಇದ್ದದ್ದನ್ನು ಇದ್ದಂತೆ ಬರೆದರೆ ಅರಣ್ಯ ಅತಿಕ್ರಮಣ ಮಾಡಿದೆನೆಂದು ಅವಳೇ ಒಪ್ಪಿಕೊಂಡಂತೆ. ಎರಡು ಕಡೆಯೂ ಬಾಗಿಲು ಹಾಕಿತ್ತು. ಆದರೂ ವಿಶ್ವವಿದ್ಯಾಲಯದ ಕಚೇರಿಯ ತನಕ ಹೋದೆ. ಕಾಯಿಲೆ, ಕ್ರೀಡೆ, ಎನ್‌.ಸಿ.ಸಿ. ಶಿಬಿರ ಇವಕ್ಕೆಲ್ಲ ವಿನಾಯಿತಿ ಉಂಟು, ನಿಮ್ಮ ಹುಡುಗಿಯದು ಇದರಲ್ಲಿ ಯಾವುದು ಎಂದು ಅಲ್ಲಿಯ ಗುಮಾಸ್ತರು ಮರ್ಯಾದೆಯಿಂದಲೇ ಕೇಳಿದರು. ವರ್ಷಗಟ್ಟಲೆ ಆಡಳಿತವನ್ನು ಪಾಠ ಮಾಡಿದ ನಾನು ತಂದಿದ್ದ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ.

ಪರೀಕ್ಷೆಗೆ ಇನ್ನೂ ಕೆಲವು ದಿನಗಳಿರುವಾಗ ಪೊಲೀಸರು ಬಂದು ಗುಡಿಸಲುಗಳನ್ನು ಕಿತ್ತುಹಾಕಿದರು. ಅಲ್ಲಿದ್ದವರ ಜೊತೆಗೆ ಬಿಂದುವನ್ನೂ ಹಿಡಿದುಕೊಂಡು ಹೋದರು. ಜಾಮೀನು ಸಿಕ್ಕಿ ಅವಳು ಹೊರಗೆ ಬರುವಷ್ಟರಲ್ಲಿ ಪರೀಕ್ಷೆಗಳು ಮುಗಿದಿದ್ದವು. ನೆಲವೂ ಇಲ್ಲ, ಪದವಿಯೂ ಇಲ್ಲ.

ಆಮೇಲೆ ಅವಳು ನನಗೆ ಸಿಕ್ಕಿದ್ದು ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ. ತಾಯಿಗೆ ಗಂಜಿ ಕೊಟ್ಟು ಬಂದಿದ್ದಳು. ನಾನು ಸಮಾಧಾನ ಹೇಳಲು ಬಾಯಿ ತೆರೆಯುವ ಮೊದಲೇ, “ನಮ್ಮ ಪೇಪರಿಗೆ ಏನೇನು ಕೇಳಿದ್ದರು ಟೀಚರೇ?” ಎಂದಳು. ನೆನಪಿದ್ದಷ್ಟು ಪ್ರಶ್ನೆಗಳನ್ನು ಹೇಳಿದೆ. ಕಾನೂನಾದ ನೀತಿ ಅನುಷ್ಠಾನಕ್ಕೆ ಬಾರದಿರಲು ಕಾರಣಗಳನ್ನು ಉದಾಹರಣೆಯೊಂದಿಗೆ ವಿವರಿಸಿ ಎಂಬ ಪ್ರಶ್ನೆ ಬಂದಾಗ ಅವಳು ನನ್ನನ್ನು ತಡೆದಳು. ಇಚ್ಛಾಶಕ್ತಿಯ ಕೊರತೆ, ಸಿಬ್ಬಂದಿಯ ಕೊರತೆ, ಲಾಭ ಪಡೆದವರ ವಿರೋಧ ಎಂದು ನಾನು ಬರೆಸಿದ್ದ ಕ್ರಮದಲ್ಲೇ ಅಲ್ಲೇ ನಿಂತು ಒಪ್ಪಿಸಿದಳು. ಒಂದೂ ಬಿಟ್ಟುಹೋಗಿರಲಿಲ್ಲ.

“ಉದಾಹರಣೆಗೆ ಪುಸ್ತಕದ್ದೇ ಬರೀಬೇಕಿತ್ತಾ ಟೀಚರೇ? ನಮ್ಮದು ಬರೆದಿದ್ದರೆ ಮಾರ್ಕು ಸಿಗೋದಾ?”

“ಸಿಗ್ತಿತ್ತು” ಎಂದೆ. ಅಷ್ಟರಲ್ಲಿ ಅವಳ ಬಸ್ಸು ಬಂತು.

ಆ ವರ್ಷವೂ ಬೇಸಿಗೆಯಲ್ಲಿ ಮೌಲ್ಯಮಾಪನ ಶಿಬಿರಕ್ಕೆ ಹೋದೆ. ಅದೇ ಪ್ರಶ್ನೆಗೆ ಕಟ್ಟುಗಟ್ಟಲೆ ಉತ್ತರಗಳನ್ನು ಓದಿ ಅಂಕ ಹಾಕಿದೆ. ತಿದ್ದುವವರ ಮೇಜಿಗೆ ಬರುವುದು ಕೊಠಡಿಯೊಳಗೆ ಕೂರಲು ಸಾಧ್ಯವಾದವರ ಉತ್ತರಗಳು ಮಾತ್ರ ಎಂಬುದನ್ನು ಈ ವೃತ್ತಿ ನನಗೆ ಆಗ ಕಲಿಸಿತು. ನಿವೃತ್ತಿಯವರೆಗೂ ಪ್ರತಿ ವರ್ಷ ಫಲಿತಾಂಶದ ಹಾಳೆಗೆ ಸಹಿ ಹಾಕಿದ್ದೇನೆ. ಅದನ್ನು ಪೂರ್ತಿ ನಂಬಲು ಮಾತ್ರ ಆಮೇಲೆ ನನ್ನಿಂದ ಆಗಲಿಲ್ಲ.