ಕುಂಚಿಗೆಯ ಮೇಲಿನ ಗಿಳಿ

ಅಕ್ಕನಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳ ಗಂಡನ ಊರು ನೆಲೋಗಿಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಮ್ಮ ತವರು ಆಳಂದ. ಅಪ್ಪ ತೊಗರಿ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನೆಲೋಗಿಯಿಂದ ಅಕ್ಕನನ್ನು ನೋಡಲು ಬಂದಾಗ ಹುಡುಗನ ತಾಯಿ ಚಹಾದ ಬಸಿ ಕೆಳಗಿಟ್ಟು, "ಹುಡುಗಿ ಕೈಯಾಗ ಏನು ಕೆಲಸ ಬರ್ತದ್ರಿ?" ಎಂದು ಕೇಳಿದರು. ಅವ್ವ ಒಂದು ಕ್ಷಣವೂ ತಡಮಾಡದೆ ರೇಡಿಯೋದ ಮೇಲೆ ಹೊದಿಸಿದ್ದ ನವಿಲಿನ ಬಟ್ಟೆ ತೋರಿಸಿ, "ಅದು ಅಕಿನೇ ಹಾಕಿದ್ದು ನೋಡ್ರಿ" ಅಂದಳು. ಹಾಕಿದ್ದು ನಾನು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ತಲೆ ತಗ್ಗಿಸಿಕೊಂಡೇ ನನ್ನ ಕಡೆ ಕಣ್ಣು ಬಿಟ್ಟಳು. ಮಾತು ಮುಗಿಯಿತು, ಕುಂಕುಮ ಹಚ್ಚಿ ಹೋದರು.

ಆಮೇಲೆ ಗೊತ್ತಾಯಿತು, ಹುಡುಗನ ಮನೆಯ ಓಣಿಯಲ್ಲಿ ಒಂದು ಪದ್ಧತಿ ಇದೆಯೆಂದು. ಹೊಸ ಸೊಸೆ ಬಂದ ದಿನ ಅವಳು ಮನೆಯವರಿಗೆಂದು ತನ್ನ ಕೈಯಾರೆ ಮಾಡಿ ತಂದದ್ದನ್ನೆಲ್ಲ ಹಗ್ಗದ ಹೊರಸಿನ ಮೇಲೆ ಹರವುತ್ತಾರೆ. ಓಣಿಯ ಹೆಂಗಸರು ಬಂದು ಒಂದೊಂದನ್ನೂ ಎತ್ತಿ, ಮೇಲಿನ ಹೂವು ನೋಡುವ ಮೊದಲು ಹಿಂದೆ ತಿರುಗಿಸಿ ಗಂಟು ನೋಡುತ್ತಾರೆ. ರೊಟ್ಟಿಯ ಅಂಚು ನೋಡಿ ಇದು ಇಂಥವರ ಮನೆಯದೆಂದು ಹೇಳುವ ಹೆಂಗಸರು ಅವರು. ಹಾಗಾಗಿ ಎಲ್ಲ ನನ್ನ ಪಾಲಿಗೆ ಬಂತು. ಅತ್ತೆಗೆ ಎಲೆ ಅಡಿಕೆ ಇಟ್ಟುಕೊಳ್ಳುವ ಚಂಚಿ, ಮಾವನಿಗೆ ಬಿಲ್ವಪತ್ರೆ ಹಾಕಿದ ವಿಭೂತಿ ಚೀಲ, ಭಾವನಿಗೆ ಜೇಬಿನಲ್ಲಿಟ್ಟುಕೊಳ್ಳಲು ಮೂಲೆಯಲ್ಲಿ ಸಣ್ಣ ಹೂವಿರುವ ದಸ್ತಿ, ಅಕ್ಕನಿಗೆಂದು ಗಿಳಿಗಳಿರುವ ಒಂದು ಜೋಡಿ ತಲೆದಿಂಬಿನ ಗಲೀಫು. ಮಧ್ಯಾಹ್ನ ಅನ್ನದೆ ಸಂಜೆ ಅನ್ನದೆ ಕೂತು ಮಾಡಿದೆ. ಅಕ್ಕ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ಅದೂ ನಾಲ್ಕು ಸಲ ಎಂಜಲು ಹಚ್ಚಿ.

ಮದುವೆಯಾಗಿ ಹೋದ ದಿನ ಅವಳ ಮರ್ಯಾದೆ ಉಳಿಯಿತು. ಉಳಿಯಿತು ಅನ್ನುವುದೇನು, ಹೆಸರೇ ಆಯಿತು. ಹಬ್ಬಕ್ಕೆ ಬಂದಾಗ, "ನಿನ್ನ ಕೈಯಿಂದ ನಾ ಅಲ್ಲಿ ದೊಡ್ಡಾಕಿ ಆಗೇನಿ" ಎಂದು ಹೇಳಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಿದ್ದಳು.

ಚೊಚ್ಚಲ ಹೆರಿಗೆಗೆ ಆಳಂದಕ್ಕೆ ಬಂದಳು. ಒಂದು ದಿನ ಪೇಟೆಯಿಂದ ಹಳದಿ ಬಟ್ಟೆ ತರಿಸಿ ನನ್ನ ಪಕ್ಕ ಕೂತಳು. ಕೂಸಿನ ತಲೆಗೆ ಟೊಪ್ಪಿಗೆಯಾಗಿ ಬೆನ್ನ ಮೇಲೆ ಇಳಿಯುವ ಕುಂಚಿಗೆ ಹೊಲಿಯುವುದು ಅವಳ ಉಮೇದು. ನಾನು ಕೈ ಚಾಚಿದರೆ ಕೈಮೇಲೆ ಹೊಡೆದಳು. "ಇದಕ್ಕೊಂದು ನೀ ಕೈ ಹಚ್ಚಬ್ಯಾಡ. ಇದು ನಾನೇ ಮಾಡ್ತೇನಿ." ಗಲೀಫಿನ ಮೇಲಿದ್ದ ನನ್ನ ಗಿಳಿಯನ್ನೇ ಹಾಕಲು ಹೊರಟಿದ್ದಳು. ಕೊಕ್ಕು ಒಂದು ಕಡೆ, ಕಣ್ಣು ಇನ್ನೊಂದು ಕಡೆ, ಬಾಲ ಮೇಲೆದ್ದು ನಿಂತಿತ್ತು.

"ಅಕ್ಕಾ, ಇದು ಗಿಳೀನೋ ಕೋಳೀನೋ?"

"ನನ್ನ ಕೂಸು ಕೇಳೂದಿಲ್ಲ, ತಗೋ."

ಹಿಂಬದಿ ತುಂಬ ದಪ್ಪ ದಪ್ಪ ಗಂಟುಗಳು. ಅವು ಕೂಸಿನ ತಲೆಗೆ ಚುಚ್ಚುತ್ತವೆ ಎಂದು ಅವ್ವನ ಹಳೆಯ ನೂಲಿನ ಸೀರೆಯ ಮೆತ್ತನೆ ತುಂಡು ಕತ್ತರಿಸಿ ಒಳಗೆ ಅಸ್ತರು ಕೊಟ್ಟಳು. ಅದು ಮಾತ್ರ ಸೊಟ್ಟಗಾಗಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಬಾಣಂತಿತನದಲ್ಲೇ ಅಕ್ಕನಿಗೆ ಜ್ವರ ಬಂತು, ಅವಳು ಉಳಿಯಲಿಲ್ಲ. ಕುಂಚಿಗೆ ಹಾಕಿದ ಮಗಳನ್ನು ಅವಳು ನೋಡಲೇ ಇಲ್ಲ. ನಾನು ಅತ್ತದ್ದು ನೆನಪಿಲ್ಲ. ಅತ್ತಿರಬೇಕು. ನೆನಪಿರುವುದು ಹಾಲಿನ ಬಾಟಲಿ ಕುದಿಸಿದ್ದು, ಕೂಸಿನ ಬಟ್ಟೆ ಒಗೆದದ್ದು, ಯಾರೋ ಬಂದರೆಂದು ಚಾಪೆ ಹಾಸಿದ್ದು.

ವರ್ಷ ತುಂಬುವ ಮೊದಲೇ ಹಿರಿಯರು ಕೂತು ಮಾತಾಡಿದರು. ಕೂಸಿಗೆ ಹೊರಗಿನವಳು ಬರುವುದಕ್ಕಿಂತ ಚಿಗವ್ವನೇ ತಾಯಾಗಲಿ ಅಂದರು. ನನ್ನನ್ನು ಕೇಳಿದರೋ ಇಲ್ಲವೋ, ನಾನು ಹೂಂ ಅಂದೆ. ಭಾವ ಎಂದು ಕರೆಯುತ್ತಿದ್ದ ಬಾಯಿ ಮದುವೆಯ ಮರುದಿನದಿಂದ ಏನೆಂದೂ ಕರೆಯದಾಯಿತು. "ಬರ್ರಿ, ಊಟ ಮಾಡ್ರಿ" ಅನ್ನುವುದರಲ್ಲೇ ಸಂಸಾರ ನಡೆಯಿತು. ಅವರು ಒಳ್ಳೆಯವರು. ದುಃಖವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಮನಸ್ಸಿಗೆ ಜೋಮು ಹಿಡಿದಿತ್ತು.

ಅವಸರದ ಮದುವೆ, ನಾನು ಕೈಗೆಲಸವೇನೂ ಒಯ್ದಿರಲಿಲ್ಲ. ಹೊರಸಿನ ಮೇಲೆ ಹರವಲು ಏನೂ ಇಲ್ಲ. ಓಣಿಯ ಹೆಂಗಸರು ಬಂದವರು ಏನೂ ನೋಡದೆ ಹೋಗಬಾರದೆಂದೋ ಏನೋ, ಅತ್ತೆ ಸಂದೂಕು ತೆಗೆದು ಆ ಗಲೀಫುಗಳನ್ನೇ ಮತ್ತೆ ತೋರಿಸಿದರು. "ಹಿರೇ ಸೊಸಿ ಕೈ ಅಂದ್ರ ಬಂಗಾರ ಇತ್ತು ನೋಡ್ರಿ." ಸೊಂಟದಲ್ಲಿದ್ದ ಚಂಚಿ ಬಿಚ್ಚಿ ಅದನ್ನೂ ತೋರಿಸಿದರು. ಅವರ ಕಣ್ಣು ತುಂಬಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೂ ಬರ್ತದೇನು ಬೇ?"

"ಇಲ್ರೀ ಅತ್ತಿ" ಅಂದೆ.

ಬೇರೆ ಏನು ಹೇಳುವುದು? ನಾನು ಸೂಜಿ ಹಿಡಿದು ನಾಲ್ಕು ಎಳೆ ಹಾಕಿದ್ದರೆ ಸಾಕಿತ್ತು, ಆ ಹೆಂಗಸರು ಹಿಂದೆ ತಿರುಗಿಸಿ ನೋಡಿ ಅದೇ ಕೈ ಅಂದುಬಿಡುತ್ತಿದ್ದರು. ಸತ್ತವಳು ಸುಳ್ಳಿ ಆಗುತ್ತಿದ್ದಳು. ಅವಳು ಆ ಮನೆಯಲ್ಲಿ ಬಿಟ್ಟುಹೋದದ್ದು ಎರಡೇ, ಮಗಳು ಮತ್ತು ಆ ಹೆಸರು.

ಅದೇ ದಿನ ಕೂಸಿನ ಬಟ್ಟೆಯ ಗಂಟಿನಿಂದ ಹಳದಿ ಕುಂಚಿಗೆ ಹೊರಬಿತ್ತು. ಅತ್ತೆ ಅದನ್ನು ಎತ್ತಿ ಹಿಡಿದರು. ಎಲ್ಲರೂ ನಕ್ಕರು. "ಇದು ನಿಂದೇನು?"

"ಹೌದ್ರಿ."

ಅಲ್ಲಿಗೆ ಮುಗಿಯಿತು. ನನ್ನ ಗಿಳಿಗಳು ಅಕ್ಕನವಾದವು, ಅಕ್ಕನ ಗಿಳಿ ನನ್ನದಾಯಿತು.

ಮುಂದೆ ನಾನು ಕಸೂತಿ ಸೂಜಿ ಮುಟ್ಟಲಿಲ್ಲ. ಗುಂಡಿ ಹಚ್ಚುತ್ತಿದ್ದೆ, ಹರಿದದ್ದು ಹೊಲಿಯುತ್ತಿದ್ದೆ, ಅಷ್ಟೇ. ನನ್ನ ಹೊಟ್ಟೆಯಲ್ಲಿ ಮಗ ಹುಟ್ಟಿದಾಗ ಜೇವರ್ಗಿ ಪೇಟೆಯಿಂದ ಟೊಪ್ಪಿಗೆ ತಂದು ಹಾಕಿದೆ. ಗಂಡನ ಜೇಬಿನ ದಸ್ತಿಯನ್ನು ವಾರವಾರ ಒಗೆಯುತ್ತಿದ್ದೆ. ಅದನ್ನು ಅವರು ಯಾರ ನೆನಪಿಗೆ ಇಟ್ಟುಕೊಂಡಿದ್ದಾರೆ ಎಂಬುದು ಗೊತ್ತಿತ್ತು. ಕಲ್ಲಿಗೆ ಬಡಿಯದೆ ಕೈಯಲ್ಲೇ ಉಜ್ಜಿ ಹಿಂಡಿ ಹಾಕುತ್ತಿದ್ದೆ.

ಮಗಳು ಶಾಲೆಗೆ ಹೋಗುವಾಗ ಒಮ್ಮೆ ಗಲೀಫು ಒಯ್ದು ಪಾಠ ಹೇಳುವ ಬಾಯಿಯವರಿಗೆ ತೋರಿಸಿ ಬಂದಳು. "ನಮ್ಮವ್ವ ಮಾಡಿದ್ದು ಅಂದೆ. ಬಾಯಿಯವರು ಭಾಳ ಹೊಗಳಿದ್ರು" ಎಂದು ದಿನವಿಡೀ ಹಾರಾಡಿದಳು. ಅವಳ ಮುಖ ನೋಡಿ, ಈ ಮಾತು ನನ್ನ ಜೊತೆಗೇ ಮಣ್ಣಿಗೆ ಹೋಗಲಿ ಅಂದುಕೊಂಡೆ. ಸಂಜೆ ಸಂದೂಕಿನಲ್ಲಿ ಗಲೀಫು ಇಡುವಾಗ ಅವಳ ಕೈಗೆ ಕುಂಚಿಗೆ ಸಿಕ್ಕಿತು.

"ಚಿಗವ್ವಾ, ಇದು ಗಿಳೀನೋ ಕೋಳೀನೋ?"

ಕೂಸು ಕೇಳೂದಿಲ್ಲ ಅಂದಿದ್ದಳು ಅಕ್ಕ. ಕೇಳಿತು. ನಾನು ಕಸ ಹೊಡೆಯುತ್ತಿದ್ದವಳು ಹಾಗೇ ಕಸ ಹೊಡೆಯುತ್ತ, "ಗಿಳಿ" ಅಂದೆ.

ಒಂದು ಬೇಸಿಗೆ ಕೌದಿ ಹೊಲಿಯಲು ಅತ್ತೆ ಮನೆಯ ಹಳೆಯ ಬಟ್ಟೆಗಳನ್ನೆಲ್ಲ ಗುಡ್ಡೆ ಹಾಕಿದರು. ಒಳಗೆ ತುಂಬುವ ಚಿಂದಿಯಲ್ಲಿ ಹಳದಿ ಕಂಡಿತು. ನಾನು ಹೋಗಿ ಎಳೆದುಕೊಂಡೆ. ಅತ್ತೆಗೆ ಅಚ್ಚರಿಯಾಯಿತು. ಆ ಮನೆಗೆ ಬಂದಾಗಿನಿಂದ ನಾನು ಯಾವುದಕ್ಕೂ ಹಟ ಹಿಡಿದವಳಲ್ಲ. "ನಿಂದು ಅಂತ ಇಷ್ಟು ಜೀವ ಏನು ಬೇ ಅದರ ಮ್ಯಾಲ?" ಅಂದರು. ಹೌದ್ರಿ ಅಂದೆ. ಸಿಟ್ಟು ಬಂದಿತ್ತು. ಯಾರ ಮೇಲಿನ ಸಿಟ್ಟು ಎಂಬುದು ಈಗಲೂ ತಿಳಿಯದು.

ಮಗಳನ್ನು ಅಫಜಲಪುರಕ್ಕೆ ಕೊಟ್ಟೆವು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳೂ ಚೊಚ್ಚಲ ಹೆರಿಗೆಗೆ ಬಂದಳು. ಅವಳ ಬಾಣಂತಿತನ ಮುಗಿಯುವವರೆಗೆ ನಾನು ಅವಳ ಹಣೆ ಮುಟ್ಟಿ ಮುಟ್ಟಿ ನೋಡಿದೆ. ಜ್ವರ ಬರಲಿಲ್ಲ. ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಹೊರಟ ದಿನ, ಕಣ್ಣು ಮಂಜಾಗಿದ್ದ ಅತ್ತೆ ಸಂದೂಕು ತಡವಿ ಜೋಡಿ ಗಲೀಫುಗಳನ್ನು ತೆಗೆದು ಅವಳ ಮಡಿಲಿಗಿಟ್ಟರು. "ನಿಮ್ಮವ್ವನ ಕೈದು. ಇನ್ನ ನಿನ್ನ ಹತ್ರ ಇರ್ಲಿ ಯವ್ವಾ."

ಮಗಳು ಗಿಳಿಗಳ ಮೇಲೆ ಕೈಯಾಡಿಸಿದಳು. ಮಡಚಿ, ಅಜ್ಜಿಯ ಕೈಗೇ ಕೊಟ್ಟಳು.

"ಇವು ನಿನ್ನ ಹತ್ರಾನೇ ಇರ್ಲಿ ಅಜ್ಜಿ. ನೀ ದಿನಾ ಮುಟ್ಟಿ ನೋಡ್ತಿ. ನಾ ಅವ್ವನ ಮಾರಿನೂ ನೋಡಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಚಿಗವ್ವಾ, ನನಗ ಆ ಕೋಳಿ ಕುಂಚಿಗಿ ಕೊಡು. ನಿನಗ ಕಸೂತಿ ಬರದಿದ್ರೂ ನನ್ನ ಸಲುವಾಗಿ ಮಾಡಿದಿ. ನನ್ನ ಕೂಸಿಗೆ ನಿನ್ನ ಕೈದೇ ಬೇಕು."

ನನ್ನ ಬಾಯಿ ತೆರೆಯಿತು. ಹೇಳಬಹುದಿತ್ತು. ಇದೇ ನಿಮ್ಮವ್ವ ಮಾಡಿದ್ದು, ಅವಳು ಜೀವನದಲ್ಲಿ ಮಾಡಿದ್ದು ಇದೊಂದೇ, ನಿನಗೆಂದೇ ಮಾಡಿದಳು ಎಂದು. ಅತ್ತೆ ಪಕ್ಕದಲ್ಲೇ ಕೂತು ಗಿಳಿಗಳನ್ನು ಬೆರಳಿನಿಂದ ತಡವುತ್ತಿದ್ದರು. ಮಗಳು ನನ್ನನ್ನೇ ನೋಡುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಜೋರಾಗಿ ಅಳು ಬಂತು. ನನ್ನದೇ ಬೇಕೆಂದು ಯಾರೂ ಏನನ್ನೂ ಹೀಗೆ ಕೇಳಿರಲಿಲ್ಲ. ಸಂತೋಷವಾಯಿತು, ಅಕ್ಕನ ಪಾಲಿನದನ್ನು ನಾನು ತಿನ್ನುತ್ತಿದ್ದೇನೆ ಎಂದು ಸಂಕಟವೂ ಆಯಿತು. ಬಸ್ಸಿಗೆ ಹೊತ್ತಾಯಿತೆಂದು ಹೊರಗಿನಿಂದ ಅಳಿಯ ಕರೆದರು.

ಕುಂಚಿಗೆ ತಂದೆ. ಕೂಸಿನ ತಲೆಗೆ ಇಳಿಸಿ ಗದ್ದದ ಕೆಳಗೆ ಲಾಡಿ ಕಟ್ಟಿದೆ. ಗಂಟುಗಳು ಅವ್ವನ ಸೀರೆಯ ಅಸ್ತರಿನ ಆಚೆಗೇ ಉಳಿದವು. ಕೂಸು ಅಳಲಿಲ್ಲ.